ಬ್ಯಾಂಕಾಕಿನಲ್ಲಿ ‘ಇದ್ದಿದ್ದೇ’ ಅಂದದ್ದು

ಅಜ್ಜಂಪುರ, ಬೆಳಗ್ಗೆ

ಆವತ್ತು ನಲ್ಲಿಯಲ್ಲಿ ನೀರು ಬರುವ ದಿನ. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ಬಿಡುತ್ತಾರೆ, ಅದೂ ಬೆಳಗ್ಗೆ ಆರಕ್ಕೆ. ಎರಡು ಡ್ರಮ್ಮು, ನಾಲ್ಕು ಕೊಡ, ಕೊನೆಗೆ ಹಬ್ಬದ ದೊಡ್ಡ ಪಾತ್ರೆ, ಎಲ್ಲಕ್ಕೂ ತುಂಬಿಸಿಕೊಂಡೆ. ಬಾಗಿಲಿಗೆ ನೀರು ಹಾಕಿ, ಐದು ಚುಕ್ಕಿಯ ಸಣ್ಣ ರಂಗೋಲಿ ಬಿಟ್ಟು, ಇಡ್ಲಿ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ದಿನವೂ ಇಡ್ಲಿಯೇ. ಯಜಮಾನರಿಗೆ ಎಣ್ಣೆ ಕೂಡದು.

ಕಾಂಪೌಂಡಿನ ಆಚೆ ಪಕ್ಕದ ಮನೆಯ ಸರೋಜಕ್ಕ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುತ್ತ ಕೇಳಿದರು.

“ಏನ್ರೀ ಸುಮಾ, ತಿಂಡಿ?”

“ಇದ್ದಿದ್ದೇ ಸರೋಜಕ್ಕ. ಇಡ್ಲಿ.”

“ಇವತ್ತು ಕಡೂರಿಗೆ ಅಲ್ವಾ ನೀವು ಹೋಗೋದು?”

“ಹೂಂ. ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ.”

ಕಡೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಏಕೆ ಹೋಗುತ್ತಿದ್ದೇವೆಂಬುದು ಬೀದಿಗೆಲ್ಲ ಗೊತ್ತು. ನಮಗಿದ್ದದ್ದು ಅಲ್ಲೊಂದು ಸೈಟು. ಅದನ್ನು ಬರೆದುಕೊಟ್ಟು ಬರಬೇಕಿತ್ತು.

ನನ್ನ ಯಜಮಾನರು ಮಲ್ಲೇಶಪ್ಪನವರದು ಇಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಅಂಗಡಿ. ಪಂಪ್‌ಸೆಟ್ ಮಾರುತ್ತಾರೆ, ಸುಟ್ಟುಹೋದ ಮೋಟಾರು ಬಂದರೆ ಹಳೆ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುತ್ತಾರೆ. ಹತ್ತೊಂಬತ್ತು ವರ್ಷ ಬಾಡಿಗೆ ಕಟ್ಟಿದ ಮೇಲೆ ಕಡೂರಿನಲ್ಲಿ ಸ್ವಂತ ಶೆಡ್ ಹಾಕೋಣವೆಂದು ಆ ಸೈಟು ತೆಗೆದುಕೊಂಡಿದ್ದರು. ಶೆಡ್ಡಿನ ನಕ್ಷೆಯನ್ನು ತಂತಿ ಬರುವ ರಟ್ಟಿನ ಡಬ್ಬ ಬಿಚ್ಚಿ ಅದರ ಬೆನ್ನ ಮೇಲೆ ತಾವೇ ಬರೆದಿದ್ದರು: ಇಲ್ಲಿ ಲೇತು, ಇಲ್ಲಿ ಪಂಪು ಇಳಿಸಿ ನೋಡುವ ನೀರಿನ ತೊಟ್ಟಿ, ಮೂಲೆಯಲ್ಲಿ ಒಂದು ಚೌಕ, ಅದರೊಳಗೆ ‘ಸುಮಾ ಕುರ್ಚಿ’. ಲೆಕ್ಕದ ಕೆಲಸ ನಾನು ಮಾಡಬೇಕೆಂದು. ಆ ರಟ್ಟು ಬೀರುವಿನಲ್ಲಿ ಕ್ರಯಪತ್ರದ ಜೊತೆಗೇ ಇತ್ತು. ಆವತ್ತು ಪತ್ರ ಮಾತ್ರ ತೆಗೆದುಕೊಂಡೆ.

ಬ್ಯಾಂಕಾಕ್ ಹೇಗಿತ್ತು ಎಂದು ಬಹಳ ಜನ ಕೇಳಿದ್ದಾರೆ. ಚೆನ್ನಾಗಿತ್ತು ಎಂದು ಹೇಳಿ ಸುಮ್ಮನಾಗಿದ್ದೇನೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ವಿಮಾನದಿಂದ ದೋಣಿಗೆ

ಪಂಪಿನ ಕಂಪನಿಯವರು ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಹೊರದೇಶಕ್ಕೆ ಕರೆದೊಯ್ಯುತ್ತಾರೆ. ಗಂಡಸರೇ ಹೋಗುವುದು ವಾಡಿಕೆ. ಬರುವಾಗ ಚಾಕೊಲೇಟು, ಒಂದು ಸೆಂಟಿನ ಬಾಟಲಿ ತರುತ್ತಾರೆ. ಅಲ್ಲೇನು ನೋಡಿದಿರಿ ಎಂದು ಮನೆಯವರು ಕೇಳುವುದಿಲ್ಲ. ನಮ್ಮವರು ಮಾತ್ರ ನನ್ನ ಟಿಕೆಟ್ಟಿಗೆ ಕೈಯಿಂದ ಹಣ ಕಟ್ಟಿ ನನ್ನನ್ನೂ ಹೊರಡಿಸಿದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡು ಮೊದಲು ಗೊಳ್ಳೆಂದವರು ಚೌಳಹಿರಿಯೂರಿನ ಬಸಣ್ಣ. ಪೈಪಿನ ಅಂಗಡಿಯವರು, ನಮ್ಮವರಿಗೆ ಹಳೆಯ ಸ್ನೇಹಿತರು.

“ಲೇ ಮಲ್ಲೇಶಿ, ಬೀಗರೂಟಕ್ಕೆ ಮನೆಯಿಂದ ಬುತ್ತಿ ಕಟ್ಕೊಂಡು ಬಂದಂಗಾಯ್ತಲ್ಲೋ!”

“ನಗ್ರೋ, ನಗ್ರಿ,” ಅಂದರು ನಮ್ಮವರು. “ಅಲ್ಲಿ ಇಂಗ್ಲಿಷಿಗೆ ಬಾಯಿ ಬಿಡೋವಾಗ ಗೊತ್ತಾಗುತ್ತೆ. ನಮ್ಮ ಮನೆಯೋಳು ತರೀಕೆರೆ ಕಾನ್ವೆಂಟು.”

ನನಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಹತ್ತನೆಯ ತರಗತಿಯವರೆಗೆ ನಾನು ತರೀಕೆರೆಯ ಕಾನ್ವೆಂಟಿನಲ್ಲಿ ಓದಿದವಳು. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಎರಡೇ ವಿಷಯದಲ್ಲಿ ಕಟ್ಟುನಿಟ್ಟು: ಕೇಳಿದ್ದಕ್ಕೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು, ಉತ್ತರ ನಿಜವಾಗಿರಬೇಕು. ಬರೀ ‘ಯೆಸ್’ ಅಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮದುವೆಯಾದ ಮೇಲೆ ಆ ಇಂಗ್ಲಿಷು ಔಷಧಿ ಚೀಟಿ, ಮಿಕ್ಸಿಯ ಪುಸ್ತಕ ಓದುವುದಕ್ಕಷ್ಟೇ ಬಳಕೆಯಾಗಿತ್ತು. ಆವತ್ತು ಎಷ್ಟೋ ಜನರ ಫೋನಿನಲ್ಲಿ ಆ ದೇಶದ ಫಾರಂ ತುಂಬಿಕೊಟ್ಟೆ. ಬುತ್ತಿ ಎಂದವರೇ ಮೊದಲು ಫೋನು ಚಾಚಿದ್ದು.

ಬ್ಯಾಂಕಾಕಿನ ಮೊದಲ ದಿನ ಸುಖವಾಗಿಯೇ ಕಳೆಯಿತು. ಅಷ್ಟು ವಾಹನಗಳಿದ್ದರೂ ಯಾರೂ ಹಾರ್ನ್ ಹೊಡೆಯುವುದಿಲ್ಲ. ದೊಡ್ಡ ಅಂಗಡಿ, ಬ್ಯಾಂಕು, ಹೋಟೆಲು, ಎಲ್ಲದರ ಮುಂದೆಯೂ ಕಂಬದ ಮೇಲೆ ಒಂದು ಪುಟ್ಟ ಮನೆ. ಆ ಜಾಗದಲ್ಲಿ ಮೊದಲಿಂದ ಇರುವ ದೇವತೆಗೆಂದು ಕಟ್ಟಿದ್ದು. ಅದಕ್ಕೆ ಹೂವು, ಬಾಳೆಹಣ್ಣು, ಜೊತೆಗೆ ಕೆಂಪು ಷರಬತ್ತಿನ ಬಾಟಲಿ. ಮುಚ್ಚಳ ತೆಗೆದು ಸ್ಟ್ರಾ ಹಾಕಿಯೇ ಇಟ್ಟಿರುತ್ತಾರೆ. ನಾವು ನೈವೇದ್ಯಕ್ಕೆ ತೆಂಗಿನಕಾಯಿ ಒಡೆದಿಡುತ್ತೇವೆಯೇ ಹೊರತು ದೇವರಿಗೆ ಕುಡಿಯಲು ಅನುಕೂಲವಾಗಲೆಂದು ಇಷ್ಟು ಯೋಚಿಸುವುದಿಲ್ಲ. ನಾನು ಅದನ್ನು ನೋಡುತ್ತ ನಿಂತಿದ್ದರೆ ನಮ್ಮವರು ಫುಟ್‌ಪಾತಿನಲ್ಲಿ ಚರಂಡಿ ನೀರು ಎತ್ತುತ್ತಿದ್ದ ಪಂಪೊಂದರ ಎದುರು ಕುಕ್ಕರಗಾಲಿನಲ್ಲಿ ಕೂತು ಅದರ ಫಲಕ ಓದುತ್ತಿದ್ದರು. “ಸದ್ದು ಕೇಳು. ಬೇರಿಂಗ್ ಹೋಗ್ತಾ ಇದೆ ಪಾಪ,” ಅಂದರು.

ಎರಡನೆಯ ದಿನ ಮಧ್ಯಾಹ್ನ ನದಿಯಲ್ಲಿ ದೋಣಿ. ನಮ್ಮವರು ಊಟ ಮುಟ್ಟಿರಲಿಲ್ಲ. ಅಂಚಿನ ಕಂಬಿ ಹಿಡಿದು ನಿಂತವರ ಕುತ್ತಿಗೆಯಿಂದ ಬೆವರು ಇಳಿದು ಅಂಗಿಯ ಕಾಲರು ಬಣ್ಣ ಬದಲಾಗಿತ್ತು.

“ಏನಾಯ್ತು ರೀ?”

“ಗ್ಯಾಸ್ಟ್ರಿಕ್ ಕಣೇ. ಇದ್ದಿದ್ದೇ. ಸೋಡಾ ಸಿಗುತ್ತಾ ನೋಡು.”

ಬಸಣ್ಣ ತಮ್ಮ ಚೀಲದಿಂದ ಓಮದ ಕಾಳು ತೆಗೆದು ಕೊಟ್ಟು, “ನುಂಗೋ, ದೋಣಿ ಇಳಿಯೋದ್ರಲ್ಲಿ ಸರಿ ಹೋಗ್ತದೆ,” ಅಂದರು. ದೋಣಿ ಇಳಿಯುವಾಗ ನಮ್ಮವರನ್ನು ಇಬ್ಬರು ಎತ್ತಿಕೊಳ್ಳಬೇಕಾಯಿತು.

ನಾಲ್ಕನೆಯ ಮಹಡಿ

ಕರೆದೊಯ್ದ ಖಾಸಗಿ ಆಸ್ಪತ್ರೆ ಯಾವುದೋ ಹೋಟೆಲಿನಂತಿತ್ತು. ನೆಲದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಹೂಕುಂಡದ ಪಕ್ಕ ಒಬ್ಬಾಕೆ ಕೈ ಜೋಡಿಸಿ ತಲೆ ಬಾಗಿದಳು. ನೋವಿನಲ್ಲಿ ಮುರುಟಿಕೊಂಡಿದ್ದ ನಮ್ಮವರೂ ತಿರುಗಿ ಕೈ ಮುಗಿದರು.

ನಾಲ್ಕನೆಯ ಮಹಡಿಯಲ್ಲಿ ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಇಂಗ್ಲಿಷನ್ನು ನನ್ನ ಹಾಗೆಯೇ ನಿಧಾನವಾಗಿ, ಪೂರ್ತಿ ವಾಕ್ಯಗಳಲ್ಲಿ ಆಡುತ್ತಿದ್ದರು. ಅದನ್ನು ಕೇಳಿಯೇ ನನಗೆ ಅರ್ಧ ಧೈರ್ಯ ಬಂತು. ಹೊಟ್ಟೆ ಒತ್ತಿ ನೋಡಿ, ಕೇಳಿದರು: ಈ ನೋವು ಇವರಿಗೆ ಮೊದಲೂ ಇತ್ತೇ?

ನಾನು ನಮ್ಮವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ.

“ಇದ್ದಿದ್ದೇ ಅಂತ ಹೇಳು. ಮಾತ್ರೆ ಕೊಟ್ಟು ಕಳಿಸ್ಲಿ. ಬಸ್ ಹೊರಟ್ಬಿಡ್ತದೆ.”

ನಮ್ಮ ಕಡೆ ‘ಇದ್ದಿದ್ದೇ’ ಎಂದರೆ ಏನೆಂದು ಓದುವವರಿಗೆ ಹೇಳಬೇಕಿಲ್ಲ. ಕರೆಂಟು ಹೋದರೂ ಇದ್ದಿದ್ದೇ, ಸೊಸೆ ಸಿಡುಕಿದರೂ ಇದ್ದಿದ್ದೇ. ಬಿಡಿ, ಅದನ್ನು ದೊಡ್ಡದು ಮಾಡಬೇಡಿ ಎಂದು ಎದುರಿಗಿದ್ದವರ ಆತಂಕವನ್ನು ಕೈಯಾಡಿಸಿ ಸರಿಸುವ ಮಾತು. ಕಾಲದ ಲೆಕ್ಕ ಅದರೊಳಗೆ ಇಲ್ಲ. ನಮ್ಮವರಿಗೆ ಅಂಥ ನೋವು ಹಿಂದೆ ಎಂದೂ ಬಂದಿರಲಿಲ್ಲ. ಬಜ್ಜಿ ತಿಂದ ದಿನ ಎರಡು ತೇಗು, ಅಷ್ಟೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ನಮ್ಮವರು ಹೇಳಿದ್ದನ್ನು ಹೇಳಬೇಕಾದವಳು ನಾನು. ಪೂರ್ತಿ ವಾಕ್ಯವೂ ಬೇಕಿತ್ತು. ಅದು ತಾನಾಗಿಯೇ ಬಂತು.

“ಹೀ ಹ್ಯಾಸ್ ಆಲ್ವೇಸ್ ಹ್ಯಾಡ್ ಇಟ್.”

ಎಷ್ಟು ವರ್ಷದಿಂದ ಎಂದು ಕೇಳಿದರು. ಮೊದಲ ವಾಕ್ಯಕ್ಕೆ ಹೊಂದುವ ಉತ್ತರವೇ ನಾಲಿಗೆಗೆ ಬಂತು. “ಫಾರ್ ಮೆನಿ ಇಯರ್ಸ್, ಡಾಕ್ಟರ್.” ಅವರು ಬರೆದುಕೊಂಡರು. ಅಕ್ಷರ ದುಂಡಗೆ ಚೆನ್ನಾಗಿತ್ತು. ವ್ಯಾಕರಣದಲ್ಲಿ ನಾನೂ ತಪ್ಪು ಮಾಡಿರಲಿಲ್ಲ.

ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ಕಲ್ಲು, ಅದು ಸಿಕ್ಕಿಕೊಂಡು ಕೀವಾಗಿ, ನಂಜು ರಕ್ತಕ್ಕೆ ಸೇರಿತ್ತು. ತಕ್ಷಣ ಆಪರೇಷನ್ ಎಂದರು. ಆಮೇಲೆ ಐಸಿಯುವಿನಲ್ಲಿ ಆರು ದಿನ, ವಾರ್ಡಿನಲ್ಲಿ ನಾಲ್ಕು ದಿನ. ಅವರು ನನ್ನ ಯಜಮಾನರನ್ನು ಉಳಿಸಿಕೊಟ್ಟರು. ಈ ಬರಹದಲ್ಲಿ ಬೇರೆ ಏನೇ ಕಂಡರೂ ಆ ಮಾತು ಕೆಳಗೆ ಬೀಳಬಾರದು.

ಕೆಳಗಿನ ಕೌಂಟರು

ತಂಡದ ಬಸ್ಸು ಪಟ್ಟಾಯಕ್ಕೆ ಹೋಯಿತು. ಬಸಣ್ಣ ಮಾತ್ರ ಚೀಲ ಇಳಿಸಿಕೊಂಡರು. “ಸಮುದ್ರ ನಾನು ಮಂಗಳೂರಲ್ಲೇ ನೋಡಿದ್ದೀನಿ ಬಿಡಕ್ಕ,” ಅಂದರು.

ದಿನಕ್ಕೆರಡು ಸಲ ಕೆಳಗಿನ ಕೌಂಟರಿನಿಂದ ಕರೆ ಬರುತ್ತಿತ್ತು. ಅಲ್ಲಿ ಕೂರುತ್ತಿದ್ದ ಹುಡುಗಿ ಎದ್ದು ನಿಂತು ಕೈ ಮುಗಿದು ಬಿಲ್ಲಿನ ಕಾಗದ ಕೊಡುತ್ತಿದ್ದಳು. ನಮ್ಮಲ್ಲಿ ಆಸ್ಪತ್ರೆ ಕೌಂಟರಿನವರು ಗದರುತ್ತಾರೆ. ಗದರಿದರೆ ತಿರುಗಿ ಗದರಬಹುದು, ಅಳಬಹುದು. ಕೈ ಮುಗಿದು ನಿಂತವಳ ಎದುರು ಏನು ಮಾಡುವುದು? ನಾನೂ ಕೈ ಮುಗಿದು ಕಾಗದ ತೆಗೆದುಕೊಳ್ಳುತ್ತಿದ್ದೆ. ಒಂದು ಸಲ ಬಸಣ್ಣ ಪಕ್ಕದಲ್ಲಿದ್ದವರು ಆ ಮೊತ್ತವನ್ನು ನಮ್ಮ ರೂಪಾಯಿಗೆ ತಿರುಗಿಸಿ ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. “ಅಕ್ಕ, ಇದು ಬೋರ್‌ವೆಲ್ ಅಲ್ಲ ಕಣವ್ವ, ಪಾತಾಳ,” ಅಂದರು. ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಬರೆಯಲು ಕೈ ಬರುವುದಿಲ್ಲ.

ಪ್ರವಾಸದ ಏಜೆಂಟರು ಎಲ್ಲರಿಗೂ ಇನ್ಶೂರೆನ್ಸ್ ಮಾಡಿಸಿದ್ದರು. ಅದರ ಚೀಟಿ ನನ್ನ ಪರ್ಸಿನಲ್ಲಿತ್ತು. ಎರಡು ದಿನ ಅದನ್ನು ತಾಳಿಯ ಹಾಗೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಮೂರನೆಯ ದಿನ ಫೋನು ಬಂತು. ಆ ಕಡೆಯಿಂದ ನಮ್ಮ ದೇಶದ್ದೇ ಹೆಣ್ಣು ದನಿ, ಮೃದುವಾದ ಇಂಗ್ಲಿಷು. ಹಿಂದಿನಿಂದಲೂ ಇದ್ದ ಕಾಯಿಲೆಗೆ ಹಣ ಬರುವುದಿಲ್ಲ ಎಂದಳು.

“ಹಿಂದೆ ಇರಲಿಲ್ಲ,” ಅಂದೆ.

“ಮೇಡಂ, ಆಸ್ಪತ್ರೆಯ ದಾಖಲೆಯಲ್ಲಿ ಇದೆ. ಅನೇಕ ವರ್ಷಗಳಿಂದ ಅಂತ ರೋಗಿಯ ಪತ್ನಿಯೇ ಹೇಳಿದ್ದಾರೆ.”

ನಾನು ಅವಳಿಗೆ ‘ಇದ್ದಿದ್ದೇ’ ಎಂಬ ಮಾತನ್ನು ವಿವರಿಸಲು ಹೊರಟೆ. ಇಂಗ್ಲಿಷಿನಲ್ಲಿ ಅದಕ್ಕೆ ದಾರಿ ಸಿಗಲಿಲ್ಲ. ಅರ್ಧ ವಾಕ್ಯ, ಮತ್ತೆ ಅರ್ಧ ವಾಕ್ಯ. ಅವಳು ತಾಳ್ಮೆಯಿಂದ ಕೇಳಿ, ಬೇರೇನಾದರೂ ಸಹಾಯ ಬೇಕೇ ಎಂದಳು.

ಡಾಕ್ಟರಮ್ಮನನ್ನೂ ಕೇಳಿಕೊಂಡೆ. ಕಲ್ಲು ಸದ್ದಿಲ್ಲದೆ ಎಷ್ಟೋ ದಿನ ಇರಬಹುದು, ರೋಗಿಗೆ ತಿಳಿಯದೆಯೂ ಇರಬಹುದು ಎಂದು ಒಂದು ಪತ್ರ ಕೊಟ್ಟರು. ಆದರೆ ಮೊದಲು ಬರೆದದ್ದನ್ನು ಅಳಿಸಲಾರೆ ಎಂದರು. “ನೀವು ಅಷ್ಟು ಸ್ಪಷ್ಟವಾಗಿ ಹೇಳಿದಿರಿ,” ಎಂದರು. ಅವರಿಗೂ ಬೇಸರವಾಗಿತ್ತು.

ಹಣ ಹೇಗೆ ಹೊಂದಿತು ಎಂಬುದು ಉದ್ದದ ಕಥೆ. ಬಸಣ್ಣ ತಮ್ಮ ಎರಡು ಕ್ರೆಡಿಟ್ ಕಾರ್ಡು ಕೊಟ್ಟರು. ಪಟ್ಟಾಯದಿಂದ ವಾಪಸಾಗುವಾಗ ಉಳಿದವರೂ ಬಂದು ತಮ್ಮ ತಮ್ಮ ಕಾರ್ಡು ಉಜ್ಜಿದರು. ಬುತ್ತಿಯ ಮಾತಿಗೆ ನಕ್ಕವರು ನನ್ನ ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದರು. ಸಿಂಗಟಗೆರೆಯಲ್ಲಿ ನನ್ನ ತಮ್ಮ ಅವನ ಹೆಂಡತಿಯ ಸರ, ಬಳೆ ಅಡವಿಟ್ಟು ಕಳಿಸಿದ. ಆ ಹುಡುಗಿ ಫೋನಿನಲ್ಲಿ, “ಅದಿರ್ಲಿ ಅತ್ಗೆ, ಭಾವ ಏನಾದ್ರೂ ತಿಂದ್ರಾ?” ಎಂದಷ್ಟೇ ಕೇಳಿದಳು.

ಐಸಿಯುವಿನ ಹೊರಗೆ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿರುತ್ತಿದ್ದಳು. ಮಗಳು ಒಳಗಿದ್ದಳಂತೆ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಒಂದು ದಿನ ಬಾಳೆಲೆಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು. ಅಂಟು ಅನ್ನ, ತೆಂಗಿನಹಾಲು, ನಡುವೆ ಬಾಳೆಹಣ್ಣು. ನಮ್ಮ ಕಡುಬಿನ ದೂರದ ನೆಂಟನಂತಿತ್ತು. ಎರಡು ದಿನದಿಂದ ಬಿಸ್ಕತ್ತಿನಲ್ಲಿದ್ದ ನಾನು ಗಬಗಬ ತಿಂದೆ. ಅವಳು ಏನನ್ನೂ ಕೇಳಲಿಲ್ಲ, ನಾನು ಏನನ್ನೂ ಹೇಳಲಿಲ್ಲ. ಆ ಪ್ರವಾಸದಲ್ಲಿ ನಾನು ತಪ್ಪಿಲ್ಲದೆ ನಡೆಸಿದ ಮಾತುಕತೆ ಅದೊಂದೇ.

ಆಸ್ಪತ್ರೆಯ ಎದುರಿಗೆ ಉದ್ಯಾನ. ಸಂಜೆ ಆರಕ್ಕೆ ಅಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತುಬಿಡುತ್ತಾರೆ. ಮುಗಿಯುತ್ತಲೇ ಏನೂ ಆಗದವರಂತೆ ಓಟ ಮುಂದುವರಿಯುತ್ತದೆ. ಮೇಲಿನ ಗಾಜಿನಿಂದ ದಿನವೂ ನೋಡುತ್ತಿದ್ದೆ. ನಾನೊಬ್ಬಳು ಆ ನಿಂತ ಗಳಿಗೆಯಲ್ಲೇ ಉಳಿದುಬಿಟ್ಟೆನೇನೋ ಅನ್ನಿಸುತ್ತಿತ್ತು.

ಬಿಡುಗಡೆಯ ದಿನ ಕೌಂಟರಿನ ಹುಡುಗಿ ಕೈ ಮುಗಿದು ಒಂದು ಬಟ್ಟೆ ಚೀಲ ಕೊಟ್ಟಳು. ಒಳಗೆ ಆಸ್ಪತ್ರೆಯ ಹೆಸರಿದ್ದ ನೀರಿನ ಬಾಟಲಿ, ‘ಬೇಗ ಗುಣವಾಗಿ’ ಎಂಬ ಚೀಟಿ. ಬಾಟಲಿ ಈಗಲೂ ಅಡುಗೆಮನೆಯಲ್ಲಿದೆ. ನಮ್ಮವರು ಅದರಲ್ಲಿ ಕುಡಿಯುವುದಿಲ್ಲ.

ಕಡೂರು, ಮಧ್ಯಾಹ್ನ

ಊರಿಗೆ ಬಂದ ಮೇಲೆ ಎಂಟು ತಿಂಗಳು ಇನ್ಶೂರೆನ್ಸಿನವರಿಗೆ ಪತ್ರ ಬರೆದೆ. ಮೊದಲು ಈ ಕಾಯಿಲೆ ಇರಲಿಲ್ಲ ಎಂಬುದಕ್ಕೆ ದಾಖಲೆ ಕಳಿಸಿ ಎಂದರು. ಕಾಯಿಲೆಗೆ ಚೀಟಿ ಇರುತ್ತದೆ. ಕಾಯಿಲೆ ಇಲ್ಲದ್ದಕ್ಕೆ ಚೀಟಿ ಎಲ್ಲಿಂದ ತರುವುದು? ನಮ್ಮವರು ಇಪ್ಪತ್ತು ವರ್ಷದಲ್ಲಿ ಡಾಕ್ಟರ ಮೆಟ್ಟಿಲು ಹತ್ತಿದ್ದು ಬೆರಳು ಕುಯ್ದುಕೊಂಡಾಗ ಒಮ್ಮೆ. ಹಿಂದಿನ ವಾರ ಕೊನೆಯ ಪತ್ರ ಬಂತು. ಇನ್ನು ಬರೆಯಬೇಡಿ ಎಂದು ಅದರ ತಾತ್ಪರ್ಯ. ‘ಪತ್ನಿಯ ಹೇಳಿಕೆಯಂತೆ’ ಎಂಬ ಸಾಲು ನಡುವೆ ಇತ್ತು.

“ಏನಂತೆ?” ಅಂದಿದ್ದರು ನಮ್ಮವರು. ಅವರಿಗೆ ಇಂಗ್ಲಿಷು ಓದಲು ಬರುವುದು ಮೋಟಾರಿನ ಫಲಕದಷ್ಟೇ.

“ಏನೋ ರೂಲ್ಸ್ ಅಂತೆ ರೀ. ಕೊಡಲ್ವಂತೆ.”

ಅದು ನಾನು ಅವರಿಗೆ ಹೇಳಿದ ಸುಳ್ಳು. ಬ್ಯಾಂಕಾಕಿನಲ್ಲೂ ಅದನ್ನೇ ಹೇಳಿದ್ದೆ.

ಆವತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತಿದ್ದೆವು. ಸಾಕ್ಷಿ ಹಾಕಲು ಬಂದಿದ್ದ ಬಸಣ್ಣ ದೂರದ ಮರದ ಕೆಳಗೆ ನಿಂತಿದ್ದರು. ಸೈಟಿನ ಹಣದ ಬಹುಪಾಲು ಅವರ ಕಾರ್ಡಿಗೇ ಹೋಗಬೇಕು. ಬಂದವರೇ, “ಮಲ್ಲೇಶಿ, ಇವತ್ತೊಂದಿನ ನನ್ನ ಮಕ ನೋಡ್ಬೇಡ ಕಣೋ,” ಅಂದಿದ್ದರು. “ಬ್ಯಾಂಕಿನೋರು ದಿನಾ ಫೋನ್ ಮಾಡ್ತಾರೆ. ಇಲ್ದಿದ್ರೆ ಕೇಳೋನಲ್ಲ.”

ನಮ್ಮವರು ಬೆಂಚಿನ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದರು. ತೊಟ್ಟಿಯ ಜಾಗವೋ ಲೇತಿನ ಜಾಗವೋ ಇರಬೇಕು. ನನಗೆ ತಡೆಯಲಾಗಲಿಲ್ಲ.

“ರೀ, ಅದು ರೂಲ್ಸಿನಿಂದ ಹೋಗಿದ್ದಲ್ಲ. ನನ್ನ ಮಾತಿನಿಂದ ಹೋಯ್ತು,” ಅಂದೆ. ಡಾಕ್ಟರಮ್ಮ ಕೇಳಿದ್ದು, ಅವರು ಅಂದದ್ದು, ನಾನು ಹೇಳಿದ್ದು, ಎಲ್ಲವನ್ನೂ ಹೇಳಿದೆ.

ಅವರ ಬೆರಳು ನಿಂತಿತು. “ಇಂಗ್ಲಿಷಲ್ಲಿ ಏನಂದೆ?”

ಹೇಳಿದೆ.

“ಹಂಗಂದ್ರೆ?”

“ಮೊದ್ಲಿಂದ್ಲೂ ಇದೆ ಅಂತ.”

ಆ ಇಂಗ್ಲಿಷ್ ವಾಕ್ಯವನ್ನು ತುಟಿಯೊಳಗೇ ಒಂದು ಸಲ ಹೇಳಿಕೊಂಡು ನೋಡಿದರು. “ನಾನಂದಿದ್ದೂ ಅದೇ ಅಲ್ವೇನೇ,” ಅಂದರು. ಎದುರಿಗೆ ಒಬ್ಬ ಛಾಪಾ ಕಾಗದ ಮಡಿಸಿಕೊಂಡು ಹೋದ. ಒಂದು ಬಸ್ಸು ಹೋಯಿತು. ಆಮೇಲೆ, ನನ್ನ ಕಡೆ ತಿರುಗದೆ, ಮೆತ್ತಗೆ ಅಂದರು:

“ಆದ್ರೆ ನಾನು ಹಂಗನ್ಲಿಲ್ಲ ಕಣೇ.”

ಒಳಗಿಂದ ಹೆಸರು ಕೂಗಿದರು. ಸೈಟು ನನ್ನ ಹೆಸರಿನಲ್ಲಿತ್ತು. ಹೆಬ್ಬೆರಳು ಒತ್ತಿದೆ, ಕ್ಯಾಮೆರಾ ನೋಡಿದೆ. ಸಹಿಯನ್ನು ಕನ್ನಡದಲ್ಲಿ ಹಾಕಲು ಹೊರಟೆ. ಗುಮಾಸ್ತರು ತಡೆದರು. “ಹಳೇ ಪತ್ರದಲ್ಲಿ ಇಂಗ್ಲಿಷಲ್ಲಿದೆ ಕಣಮ್ಮ. ಹಂಗೇ ಹಾಕ್ಬೇಕು.” ಕಾನ್ವೆಂಟಿನಲ್ಲಿ ತಿದ್ದಿದ ಓರೆ ಅಕ್ಷರಗಳಲ್ಲಿ ಸಹಿ ಹಾಕಿದೆ. “ಚೆಂದಾಗಿದೆ ಸೈನು,” ಅಂದರು ಅವರು.

ಅಜ್ಜಂಪುರ, ಸಂಜೆ

ಬೀರೂರಿನಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇವರ ಮುಖದಲ್ಲಿ ಕೋಪವಿದ್ದಂತಿರಲಿಲ್ಲ. ಚಪ್ಪಲಿ ಬಿಟ್ಟು, ಬೀರು ತೆಗೆದು ಶೆಡ್ಡಿನ ನಕ್ಷೆಯ ಆ ರಟ್ಟನ್ನು ಹೊರತೆಗೆದರು. ಹರಿಯುತ್ತಾರೇನೋ ಎಂದುಕೊಂಡೆ. ಹರಿಯಲಿಲ್ಲ. ಅಂಗಡಿಯಲ್ಲಿ ಒಂದು ಮೋಟಾರು ಒದ್ದೆ ನೆಲದ ಮೇಲೆ ಕೂತಿದೆ, ಅಡಿಗೆ ಹಾಕಲು ಆಗುತ್ತದೆ ಎಂದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಬೆಳಗ್ಗೆ ಬಿಟ್ಟ ರಂಗೋಲಿ ಯಾರದೋ ಸೈಕಲ್ಲಿಗೆ ಸಿಕ್ಕಿ ಅರ್ಧ ಅಳಿಸಿತ್ತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಸರೋಜಕ್ಕ ಹಿಂದಿನ ದಿನ ಒಯ್ದಿದ್ದ ಸಾರಿನ ಬಟ್ಟಲು ವಾಪಸು ಕೊಡಲು ಬಂದರು. ಬರಿದೇ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಕಡಲೆಕಾಯಿ ಇತ್ತು.

“ಆಯ್ತಾ ಎಲ್ಲಾ?”

“ಆಯ್ತು ಸರೋಜಕ್ಕ.”

“ಹೋಗ್ಲಿ ಬಿಡ್ರೀ, ಜೀವ ಒಂದು ಉಳೀತಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡು, ಗೇಟು ಎಳೆದುಕೊಳ್ಳುತ್ತ, ಒಲೆಯ ಮೇಲಿಟ್ಟು ಬಂದ ಹಾಲಿನ ಕಡೆ ಅರ್ಧ ಗಮನವಿಟ್ಟು, ಅಂದರು:

“ಏನೋ ನೀವು ಕಾನ್ವೆಂಟಲ್ಲಿ ಓದಿದ್ದಕ್ಕೆ ಬಚಾವಾದ್ರಿ ಕಣ್ರೀ. ನಾನಾಗಿದ್ರೆ ಆ ಡಾಕ್ಟ್ರ ಮುಂದೆ ಬಾಯೇ ಬಿಡ್ತಿರ್ಲಿಲ್ಲ.”